ನೋವಿಲ್ಲದವರ ಬೆನ್ನು

ಶಮನ ಎಂಬ ಸಾಧನ ಬಂದ ಮೇಲೆ ಹುಬ್ಬಳ್ಳಿಯ ಮನೆಗಳಲ್ಲಿ ಸಾಯುತ್ತಿರುವವರು ನರಳುವುದು ನಿಂತುಹೋಯಿತು. ಅದಕ್ಕೂ ಮೊದಲು ಕ್ಯಾನ್ಸರ್ ರೋಗಿಯಿದ್ದ ಮನೆ ಯಾವುದೆಂದು ಓಣಿಗೆಲ್ಲ ಗೊತ್ತಿರುತ್ತಿತ್ತು. ಕಿಟಕಿ ಮುಚ್ಚಿದರೂ ದನಿ ಹೊರಗೆ ಬರುತ್ತಿತ್ತು. ಈಗ ಅಂಥ ಮನೆಗಳಿಂದ ಟಿ.ವಿ. ಸದ್ದು, ಕುಕ್ಕರಿನ ಸೀಟಿ, ಒಮ್ಮೊಮ್ಮೆ ನಗು ಕೇಳಿಬರುತ್ತಿತ್ತು.

ಮಹಾನಂದಾ ಬಡಿಗೇರ ಅವರ ಮನೆಯಲ್ಲಂತೂ ನಗು ತುಸು ಹೆಚ್ಚೇ. ಆಕೆ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ದುಡಿದು ನಿವೃತ್ತಳಾದವಳು. ನವಲಗುಂದ, ರೋಣ, ಗಜೇಂದ್ರಗಡದ ದಾರಿಯ ಜನರೆಲ್ಲ ಆಕೆಯ ಬಾಯಿಗೆ ಹೆದರುತ್ತಿದ್ದರು. ಆಕೆ ರಜೆಯಲ್ಲಿದ್ದ ದಿನ ಬಸ್ಸು ಸಪ್ಪಗಿದೆ ಎಂದೂ ಅವರೇ ಹೇಳುತ್ತಿದ್ದರು. ಎದೆಯಲ್ಲಿ ಹುಟ್ಟಿದ ಗಡ್ಡೆ ಬೆನ್ನುಮೂಳೆಗೆ ಹಬ್ಬಿ ಕಾಲಿನ ಬಲ ಹೋದಾಗ, ಆ ಬಾಯಿಯೂ ಮಾತು ಮರೆತು ಬರೀ ಕೂಗಾಗಿತ್ತು. ಮಾರ್ಫಿನ್ ಕೊಟ್ಟರೆ ನಿದ್ದೆ, ನಿದ್ದೆ ಕಳೆದರೆ ಮತ್ತೆ ಕೂಗು. ಮಗ ಸಂಗಮೇಶ ಕಿವಿ ಮುಚ್ಚಿಕೊಂಡು ಹಿತ್ತಲಿನಲ್ಲಿ ಕುಳಿತಿರುತ್ತಿದ್ದ.

ಸೊಸೆ ಭೂಮಿಕಾ ಶಮನ ಯೋಜನೆಯ ನಿಯಂತ್ರಣ ಕೊಠಡಿಯಲ್ಲಿ ತಂತ್ರಜ್ಞೆ. ಅತ್ತೆಗೆ ಶಮನ ಹಾಕಿಸಿದವಳು ಅವಳೇ. ಹುಣಸೆಬೀಜದಷ್ಟು ದೊಡ್ಡ ಸಾಧನ ಅದು. ಕತ್ತಿನ ಕೆಳಗೆ, ಬೆನ್ನುಹುರಿಯ ಪಕ್ಕದಲ್ಲಿ ಕೂರಿಸುತ್ತಾರೆ. ಮೈಯಿಂದ ಮಿದುಳಿಗೆ ಹೋಗುವ ಸಂಕೇತಗಳನ್ನೆಲ್ಲ ಅದು ಕೇಳಿಸಿಕೊಳ್ಳುತ್ತದೆ. ಮುಟ್ಟಿದ್ದು, ಬಿಸಿ ತಾಗಿದ್ದು, ತಣ್ಣಗಾದದ್ದು, ಎಲ್ಲವನ್ನೂ ಮೇಲಕ್ಕೆ ಬಿಡುತ್ತದೆ. ನೋವನ್ನು ಮಾತ್ರ ಅಲ್ಲೇ ತಡೆಯುತ್ತದೆ. ಮಂಪರಿಲ್ಲ, ಮರೆವಿಲ್ಲ. ಹಾಕಿಸಿದ ದಿನ ಸಂಜೆ ಮಹಾನಂದಾ ಕಣ್ಣು ಬಿಟ್ಟು, "ಮಿರ್ಚಿ ಮಂಡಕ್ಕಿ ತರ್ಸೋ ಸಂಗ್ಯಾ, ಬಾಯಿ ಕೆಟ್ಟು ಹೋಗೇತಿ" ಎಂದಳು. ಸಂಗಮೇಶ ಅಂಗಡಿಗೆ ಹೋದವನು ಅಲ್ಲೇ ನಿಂತು ಅತ್ತನಂತೆ.

ಆದ್ದರಿಂದ ಮುಂದಿನದನ್ನೆಲ್ಲ ಮನೆಯವರು ಸಂಶಯವಿಲ್ಲದೆ ಒಪ್ಪಿಕೊಂಡರು. ಮೊದಲು ವಾರಕ್ಕೊಮ್ಮೆ ಎಸ್ತರ್ ಎಂಬ ನರ್ಸ್ ಬರುತ್ತಿದ್ದಳು. ರೋಗಿಯನ್ನು ಮಗ್ಗುಲಿಗೆ ಹೊರಳಿಸುವುದು, ಮೊಣಕಾಲುಗಳ ನಡುವೆ ದಿಂಬಿಡುವುದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿಡುವುದು ಎಲ್ಲ ಅವಳದೇ ಕೆಲಸ. ಶಮನ ಹಾಕಿಸಿದ ತಿಂಗಳಲ್ಲೇ ಅವಳ ಭೇಟಿ ನಿಂತಿತು. ನೋವಿಲ್ಲದವರ ಮನೆಗೆ ನರ್ಸ್ ಬೇಕಿಲ್ಲ ಎಂಬುದು ಯೋಜನೆಯ ನಿಯಮ. ಆಮೇಲೆ ಇಬ್ಬರು ಗಂಡಸರು ಬಂದು ಗಾಳಿ ಹಾಸಿಗೆಯ ಗಾಳಿ ಬಿಟ್ಟು, ಮಡಚಿಕೊಂಡು ಹೋದರು. ಮಹಾನಂದಾ ಅವರಿಗೆ ಚಹಾ ಕೊಡಿಸಿದಳು. "ನೋವಿದ್ದವರಿಗೆ ಬೇಕಾಗತೈತಿ, ಒಯ್ರಿ" ಎಂದಳು. ರೋಗಿಗೆ ಕಸಿವಿಸಿಯಾದರೆ ತಾವೇ ಹೊರಳುತ್ತಾರೆ, ಸುಮ್ಮನೆ ಎಬ್ಬಿಸಿ ತೊಂದರೆ ಕೊಡಬೇಡಿ ಎಂದು ಶಮನ ತಯಾರಿಸುವ ಸಂಸ್ಥೆಯವರು ಮನೆಯವರಿಗೆ ಹೇಳಿಕೊಟ್ಟಿದ್ದರು.

ಮಹಾನಂದಾಗೆ ಕಸಿವಿಸಿಯಾಗಲೇ ಇಲ್ಲ. ಬೆನ್ನ ಮೇಲೆ ಮಲಗಿಕೊಂಡೇ ಮಾತಾಡಿದಳು, ಉಂಡಳು, ಓಣಿಯ ಹೆಂಗಸರಿಗೆ ಬಸ್ಸಿನ ಕಥೆ ಹೇಳಿದಳು.

ಒಂದು ಭಾನುವಾರ ಭೂಮಿಕಾಗೆ ಕೋಣೆಯಲ್ಲಿ ವಾಸನೆ ಬಂತು. ಇಲಿ ಸತ್ತಿರಬೇಕೆಂದು ಮಂಚದ ಕೆಳಗೆ ಬಗ್ಗಿ ನೋಡಿದಳು. ಟ್ರಂಕು ಎಳೆದು, ಕಸಬರಿಗೆ ಆಡಿಸಿದಳು. ಏನೂ ಇರಲಿಲ್ಲ. ಹಾಸಿಗೆಯ ಬಟ್ಟೆ ಬದಲಿಸೋಣವೆಂದು ಗಂಡನನ್ನು ಕರೆದು, ಇಬ್ಬರೂ ಸೇರಿ ಅತ್ತೆಯನ್ನು ಪೂರ್ತಿ ಮಗ್ಗುಲಿಗೆ ಹೊರಳಿಸಿದರು.

ಟೊಂಕದ ಕೆಳಗೆ, ಬಾಲದ ಎಲುಬಿನ ಮೇಲೆ, ಅಂಗೈಯಷ್ಟು ಚರ್ಮ ಕಪ್ಪಾಗಿತ್ತು. ಒಂದು ಅಂಚಿನಲ್ಲಿ ಅದು ಬಿಚ್ಚಿಕೊಂಡು ಒಳಗೆ ಗವಿಯಂತೆ ಆಗಿತ್ತು. ಸಂಗಮೇಶ ಅವ್ವನ ಭುಜ ಹಿಡಿದಿದ್ದವನು ಮುಖ ಅತ್ತ ತಿರುಗಿಸಿದ.

"ಯಾಕ ಸುಮ್ಮನಾದಿ ಭೂಮಿ? ಏನೈತಿ ಅಲ್ಲಿ?" ಮಹಾನಂದಾ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ಏನಿಲ್ಲ ಅತ್ತಿ. ಚೂರು ಕೆಂಪಗಾಗೇತಿ. ಪೌಡರ್ ಹಚ್ಚತೀನಿ."

"ಟಿಕೆಟ್ ತಗೊಂಡೀನಿ ಅಂತ ಸುಳ್ಳ ಹೇಳೋರ ದನಿ ಕೇಳಿ ಕೇಳಿ ನನ್ನ ಆಯುಷ್ಯ ಹೋಗೇತಿ. ನಿನ್ನ ದನಿ ಈಗ ಹಂಗ ಐತಿ. ಮೊಬೈಲ್‌ನಾಗ ಫೋಟೋ ತೆಗಿ. ನನಗ ತೋರ್ಸು."

ಬೇಡವೆಂದು ಇಬ್ಬರೂ ಎಷ್ಟು ಹೇಳಿದರೂ ಕೇಳಲಿಲ್ಲ. ಭೂಮಿಕಾ ಫೋಟೋ ತೆಗೆದು ಕಣ್ಣೆದುರು ಹಿಡಿದಳು. ಮಹಾನಂದಾ ಬಹಳ ಹೊತ್ತು ನೋಡಿದಳು. ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿ ಮತ್ತೆ ನೋಡಿದಳು.

"ಇದು ನನ್ನ ಬೆನ್ನೇನು?"

"ಹೌದ್ರಿ ಅತ್ತಿ."

"ನಾನು ನಿನ್ನೆ ಇದರ ಮ್ಯಾಲೆ ಮಲಗಿ ಹಾಡು ಹೇಳೀನಲ್ಲ, ಭೂಮಿ." ಆಕೆ ಫೋನನ್ನು ಪಕ್ಕಕ್ಕೆ ಸರಿಸಿದಳು. ಅಳಲಿಲ್ಲ. "ಜಡ್ಡು ಬಂತು, ಅದು ನನ್ನ ಹಣೇಬರ. ಇದು ಯಾರ ಹಣೇಬರ? ನನ್ನ ಮೈ ನನಗ ಏನೋ ಹೇಳಾಕತ್ತಿತ್ತು. ಅದರ ಬಾಯಿ ಮುಚ್ಚಿ, ಅದು ಏನಂತೈತಿ ಅಂತ ಒಬ್ಬರೂ ಕೇಳಲಿಲ್ಲೇನು?"

ಮರುದಿನ ಭೂಮಿಕಾ ಕೆಲಸಕ್ಕೆ ಹೋದಳು. ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಇಡೀ ಜಿಲ್ಲೆಯ ನಕ್ಷೆ. ಪ್ರತಿ ರೋಗಿಗೂ ಒಂದು ಹಸಿರು ಚುಕ್ಕೆ. ಚುಕ್ಕೆ ಹಸಿರಾಗಿದ್ದರೆ ಆ ಮಿದುಳಿಗೆ ನೋವು ತಲುಪಿಲ್ಲ ಎಂದರ್ಥ. ಬೆಳಗ್ಗೆ ಬಂದವರೆಲ್ಲ ಮೊದಲು ಆ ಗೋಡೆಯನ್ನು ನೋಡಿ, ಸಮಾಧಾನದಿಂದ ಚಹಾಕ್ಕೆ ಹೋಗುತ್ತಿದ್ದರು. ಭೂಮಿಕಾ ತನ್ನ ಓಣಿಯ ಚುಕ್ಕೆಯನ್ನು ಹುಡುಕಿದಳು. ಹಸಿರಾಗಿಯೇ ಇತ್ತು.

ನೋವನ್ನು ತಡೆಯಬೇಕಾದರೆ ಶಮನ ಮೊದಲು ಅದನ್ನು ಕೇಳಿಸಿಕೊಳ್ಳಲೇಬೇಕು. ಇದು ಆ ಕೊಠಡಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಆರೋಗ್ಯವಂತರು ನಿದ್ದೆಯಲ್ಲೂ ಮತ್ತೆ ಮತ್ತೆ ಹೊರಳುವುದು ಯಾಕೆ? ಒಂದೇ ಕಡೆ ಭಾರ ಬಿದ್ದು ರಕ್ತ ನಿಂತ ಮಾಂಸ, ಸರಿದುಕೋ ಎಂದು ಕೂಗುತ್ತದೆ. ಅತ್ತೆಯ ಬೆನ್ನು ವಾರಗಟ್ಟಲೆ ಹಾಗೆ ಕೂಗಿತ್ತು. ಸಾಧನ ಪ್ರತಿಯೊಂದು ಕೂಗನ್ನೂ ಕೇಳಿಸಿಕೊಂಡು, ತಡೆದು, ಗೋಡೆಗೆ ಹಸಿರು ಬಣ್ಣ ಕಳಿಸಿತ್ತು. ಎಷ್ಟು ತಡೆಯಲಾಯಿತು ಎಂಬುದನ್ನು ಗೋಡೆಯ ಮೇಲೆ ತೋರಿಸುವ ಯೋಚನೆ ಯಾರಿಗೂ ಬಂದಿರಲಿಲ್ಲ. ಅವಳಿಗೂ ಬಂದಿರಲಿಲ್ಲ.

ಅವಳು ಶಮನ ಕೇಂದ್ರದ ನಿರ್ದೇಶಕರಾದ ಡಾಕ್ಟರ್ ಇನಾಮದಾರರ ಕೋಣೆಗೆ ಹೋಗಿ ಫೋಟೋ ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು ನೋಡಿ, ನಿಟ್ಟುಸಿರು ಬಿಟ್ಟರು. ಕೆಟ್ಟ ಮನುಷ್ಯನಲ್ಲ ಅವರು. ಸ್ವಂತ ತಾಯಿ ನರಳಿ ಸತ್ತದ್ದನ್ನು ಕಂಡು ಈ ಕೆಲಸಕ್ಕೆ ಬಂದವರು.

"ಭಾಳ ಬೇಜಾರಾತು ಭೂಮಿಕಾ. ಆದ್ರ ನೋವಿಲ್ಲಲ್ಲ ಅವರಿಗೆ?"

"ಮೈ ಕೊಳ್ಯಾಕತ್ತೇತ್ರಿ ಸರ್."

"ಕೊನೇ ದಿನದಾಗ ಹೃದಯ ಸೋಲ್ತದ, ಕಿಡ್ನಿ ಸೋಲ್ತದ, ಹಂಗ ಚರ್ಮನೂ ಸೋಲ್ತದ. ಅದನ್ನ ತಪ್ಪಸ್ಲಿಕ್ಕೆ ಆಗೂದಿಲ್ಲ."

"ಹೊರಳಿಸಿ ನೋಡಿದವರು ಯಾರ್ರಿ ಸರ್, ತಪ್ಪಸಾಕ ಆಗೂದಿಲ್ಲ ಅಂತ ಹೇಳಾಕ? ತಡೆದ ಸಂಕೇತ ಎಲ್ಲಾ ಸಾಧನದಾಗ ಐತಿ. ಅದನ್ನ ಗ್ವಾಡಿ ಮ್ಯಾಲೆ ಹಾಕೂಣು. ಯಾರ ಬೆನ್ನು ಕೂಗಾಕತ್ತೇತಿ ಅಂತ ಗೊತ್ತಾಗತೈತಿ. ಅಲ್ಲಿಗೆ ನರ್ಸ್ ಕಳಿಸೂಣು."

"ನೋವು ಅಂದ್ರ ಮಿದುಳಿಗೆ ಮುಟ್ಟಿದ್ದು. ಮುಟ್ಟದೆ ಇದ್ದದ್ದು ಬರೇ ವಿದ್ಯುತ್ತು." ಇನಾಮದಾರರು ಶಾಂತವಾಗಿಯೇ ಹೇಳಿದರು. "ಅದನ್ನ ಗ್ವಾಡಿ ಮ್ಯಾಲೆ ಹಾಕಿದ್ರ ಮಂದಿ ಹೆದರ್ತಾರ. ನರ್ಸ್ ಬ್ಯಾಡ ಅಂತನ ಸರ್ಕಾರ ಈ ಯೋಜನಾ ಒಪ್ಪೇದ. ಈಗ ಮತ್ತ ಮನಿ ಮನಿಗೆ ನರ್ಸ್ ಅಂದ್ರ ಯೋಜನಾನ ನಿಲ್ತದ. ಮತ್ತ ಎಲ್ಲಾರೂ ಮೊದಲಿನಂಗ ಒದರಿ ಸಾಯಬೇಕೇನು?"

ಅವಳು ಫೋನನ್ನು ಚೀಲಕ್ಕೆ ಹಾಕಿಕೊಂಡಳು.

"ನಿಮ್ಮ ಅತ್ತಿಯವರಿಗೆ ಭಾಳ ಸಂಕಟ ಆಗಿದ್ರ ಶಮನದ ಮಟ್ಟ ಚೂರು ಏರಿಸ್ಕೊಳ್ಳಿಕ್ಕೆ ಹೇಳ್ರಿ. ಹೊಸಾ ಆವೃತ್ತಿಯೊಳಗ ಆತಂಕನೂ ತಡೀತದ."

"ಸಿಟ್ಟನ್ನೂ ತಡೀತೈತೇನ್ರಿ?"

"ತಡೀಬಹುದು" ಎಂದರು ಅವರು, ಪ್ರಶ್ನೆಯ ಮೊನೆ ತಾಗದವರಂತೆ.

ಸಂಜೆ ಮನೆಯಲ್ಲಿ ಅವಳು ನಡೆದದ್ದನ್ನೆಲ್ಲ ಹೇಳಿದಳು. ರೋಗಿಗೆ ನೋವು ತಲುಪಿ ಗೋಡೆಯ ಮೇಲಿನ ಚುಕ್ಕೆ ಕೆಂಪಾದರೆ ಮಾತ್ರ ನರ್ಸ್; ಬರೀ ಬಾಯಿಮಾತಿನ ದೂರು ನಡೆಯದು. ಕೆಂಪಾದರೆ ಒಂದು ತಾಸಿನೊಳಗೆ ನರ್ಸ್ ಆ ಮನೆ ಮುಟ್ಟಲೇಬೇಕು. ನಿಯಮ ಇಷ್ಟೇ. ಮಹಾನಂದಾ ಕೇಳುತ್ತ ಕಿಟಕಿ ನೋಡುತ್ತಿದ್ದಳು. ಈಗ ಆಕೆಯನ್ನು ಎಡ ಮಗ್ಗುಲಿಗೆ ಮಲಗಿಸಿ, ಬೆನ್ನ ಹಿಂದೆ ದಿಂಬು ಕೊಟ್ಟಿದ್ದರು.

"ಅಂದ್ರ ನನಗ ನೋವಾದ್ರ ಎಸ್ತರ್ ಬರ್ತಾಳ."

"ಬರ್ತಾರ್ರಿ."

"ಶಮನ ಇಳಸೂದು ಏರಸೂದು ನನ್ನ ಮಾತಿನಾಗ ಐತಿ ಅಂದಿದ್ರಲ್ಲ, ಹಾಕುವಾಗ?"

ಅದು ನಿಜವಾಗಿತ್ತು. ತನ್ನ ನೋವಿನ ಮೇಲಿನ ಅಧಿಕಾರ ರೋಗಿಯದೇ ಎಂದು ಕಾನೂನು ಮಾಡಿದ್ದರು. ರೋಗಿಯ ಸ್ವಂತ ದನಿಗೆ ಮಾತ್ರ ಸಾಧನ ತಗ್ಗುತ್ತಿತ್ತು, ಏರುತ್ತಿತ್ತು. ಹಾಗೆ ತಗ್ಗಿಸಿದವರು ಜಿಲ್ಲೆಯಲ್ಲಿ ಅದುವರೆಗೆ ಒಬ್ಬರೂ ಇರಲಿಲ್ಲ.

"ಬ್ಯಾಡ ಅವ್ವಾ" ಎಂದ ಸಂಗಮೇಶ. "ನಾವು ದವಾಖಾನಿಗೆ ಒಯ್ತೀವಿ. ನಾನು ಸಾಲಾ ಮಾಡ್ತೀನಿ. ಅದನ್ನೊಂದು ಮಾಡಬ್ಯಾಡ."

"ನೀ ಹಿತ್ತಲಕ್ಕ ಹೋಗಿ ಕುಂದರಪಾ" ಎಂದಳು ತಾಯಿ, ಮೆತ್ತಗೆ. "ಭೂಮಿ ಇರ್ತಾಳ."

ಆತ ಹೋಗಲಿಲ್ಲ. ತಾಯಿಯ ಕಾಲ ಬಳಿ ಕುಳಿತ. ಮಹಾನಂದಾ ಸೊಸೆಯ ಕೈ ಹಿಡಿದುಕೊಂಡು, "ಶಮನ, ಇಳಿಸು" ಎಂದಳು.

ಮೊದಲು ಆಕೆಯ ಹುಬ್ಬು ಗಂಟಿಕ್ಕಿತು. ಏನೋ ದೂರದ ಮಾತನ್ನು ಕೇಳಿಸಿಕೊಳ್ಳುವವಳಂತೆ ಕಂಡಳು. ಆಮೇಲೆ ಮುಖದ ಬಣ್ಣ ಹೋಯಿತು. ಎಲುಬಿನೊಳಗಿನ ನೋವನ್ನು ಆಕೆ ಬಲ್ಲಳು. ಬೆನ್ನಿನ ಕೆಳಗಿನ ಆ ಉರಿ ಹೊಸದು. ಉಗುರುಗಳು ಭೂಮಿಕಾಳ ಅಂಗೈಯಲ್ಲಿ ಇಳಿದವು. "ಇಷ್ಟ ದಿನ ಇದು ಇಲ್ಲೇ ಇತ್ತಲ್ಲ" ಎಂದಳು ಹಲ್ಲು ಕಚ್ಚಿ. ಆಮೇಲೆ ಮಾತು ಮುರಿದು ದನಿ ಕೂಗಾಯಿತು. ಪಕ್ಕದ ಮನೆಯವರು ಟಿ.ವಿ. ನಿಲ್ಲಿಸಿದರು.

ಎಸ್ತರ್ ಓಡುತ್ತಲೇ ಬಂದಳು. ಅವಳನ್ನೀಗ ತುರ್ತು ವಾಹನದ ಕೆಲಸಕ್ಕೆ ಹಾಕಿದ್ದರು. ಗಾಯ ನೋಡಿದವಳು ಏನೂ ಹೇಳದೆ ಕೈ ತೊಳೆದುಕೊಂಡು ಬಂದು, "ಏರಸ್ರಿ ಅವ್ವಾ, ಈಗ ಏರಸ್ರಿ. ನಾ ಬಂದೀನಿ" ಎಂದಳು. ಮಹಾನಂದಾ ಏರಿಸಿದಳು. ಎಸ್ತರ್ ಸತ್ತ ಚರ್ಮ ಕತ್ತರಿಸಿ ತೆಗೆದು, ಗಾಯ ತೊಳೆದು, ವಾಸನೆ ಹೋಗಲೆಂದು ಮಾತ್ರೆಯ ಪುಡಿ ಉದುರಿಸಿ, ಪಟ್ಟಿ ಕಟ್ಟಿದಳು. ಮೂಳೆಗೆ ಪೆಟ್ಟಾಗದಂತೆ ಇಬ್ಬರು ಸೇರಿ ಹೊರಳಿಸುವುದು ಹೇಗೆಂದು ಗಂಡ ಹೆಂಡತಿಗೆ ಕಲಿಸಿದಳು.

"ಇದು ವಾಸಿ ಆಗತೈತೇನವ್ವಾ?" ಮಹಾನಂದಾ ಕೇಳಿದಳು.

"ಸುಳ್ಳ ಹೇಳೂದಿಲ್ಲ ಅವ್ವಾರ. ಇದು ವಾಸಿ ಆಗುವಷ್ಟು ದಿನ ನಿಮ್ಮ ಹತ್ರ ಇಲ್ಲ. ಸ್ವಚ್ಛ ಇಡಬಹುದು. ದೊಡ್ಡದು ಆಗದಂಗ ನೋಡಬಹುದು."

"ಮೊದಲ ನೋಡಿದ್ರ?"

ಎಸ್ತರ್ ಪಟ್ಟಿಯ ಅಂಚು ಒತ್ತುತ್ತಿದ್ದಳು. "ಕೆಲವರಿಗೆ ಎಷ್ಟು ಜ್ವಾಕಿ ಮಾಡಿದ್ರೂ ಆಗತೈತ್ರಿ. ನಿಮಗ ಆಗ್ತಿದ್ದಿಲ್ಲ ಅನಸ್ತೈತಿ."

"ನನ್ನಂಗ ಮತ್ಯಾರದಾರ?"

"ನನ್ನ ಹಳೇ ಮನಿಗಳಿಗೆ ಈಗ ಹೋಗಾಕ ಬಿಡೂದಿಲ್ರಿ. ಗೊತ್ತಿಲ್ಲ." ಅವಳು ತಲೆ ಎತ್ತಲಿಲ್ಲ. "ಗೊತ್ತಿಲ್ಲ ಅನ್ನೂದ ನನಗ ನಿದ್ದಿ ಕೆಡಸೇತಿ."

ಶಮನ ಯೋಜನೆಯವರು ರೋಗಿಗಳ ಮನರಂಜನೆಗೆಂದು ಗುರುವಾರ ಮಧ್ಯಾಹ್ನ ಫೋನಿನಲ್ಲಿ ಹರಟೆ ಕೂಟ ನಡೆಸುತ್ತಿದ್ದರು. ಹಾಸಿಗೆ ಹಿಡಿದವರೆಲ್ಲ ಒಂದೇ ಲೈನಿನಲ್ಲಿ ಸೇರುತ್ತಿದ್ದರು. ಮಹಾನಂದಾ ಆ ಕೂಟದ ಜೀವ. ಆ ವಾರ ಆಕೆ ಬಸ್ಸಿನ ಕಥೆ ಹೇಳಲಿಲ್ಲ.

"ಎಲ್ಲಾರೂ ಕೇಳ್ರಿ" ಎಂದಳು. "ಇವತ್ತ ನಿಮ್ಮ ಮನ್ಯಾಗ ಯಾರಾದ್ರೂ ಇದ್ರ, ನಿಮ್ಮ ಬೆನ್ನು, ಟೊಂಕ, ಹಿಮ್ಮಡಿ ನೋಡಾಕ ಹೇಳ್ರಿ. ನಾಚಬ್ಯಾಡ್ರಿ. ನೋಡಿ ಏನೈತಿ ಅಂತ ಖರೆ ಹೇಳಾಕ ಹೇಳ್ರಿ."

ಲೈನಿನಲ್ಲಿ ಮನೆಯವರನ್ನು ಕೂಗಿ ಕರೆಯುವ ದನಿಗಳು ಕೇಳಿದವು. ಆಮೇಲೆ ಒಬ್ಬೊಬ್ಬರೇ ಮರಳಿ ಬಂದರು. ನವಲಗುಂದದ ಮಕ್ತುಮ್‌ಸಾಬ ನದಾಫ, ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದ ಮಾಸ್ತರು, ನಿಧಾನವಾಗಿ ಹೇಳಿದರು: "ನನ್ನ ಎರಡೂ ಹಿಮ್ಮಡಿ ಕರ್ರಗಾಗ್ಯಾವಂತ್ರಿ ಅಕ್ಕಾರ. ನಮ್ಮ ಮನಿಯಾಕಿ ಚಾದರದ ಮ್ಯಾಲಿನ ಕಲೆ ಚಹಾದ್ದು ಅಂತ ತಿಳದಿದ್ಲಂತ. ಆಕಿಗೂ ವಯಸ್ಸಾಗೇತಿ, ನನ್ನ ಹೊರಳಸಾಕ ಆಗೂದಿಲ್ಲ. ಏನ ಮಾಡ್ಬೇಕ್ರಿ?"

ಮಹಾನಂದಾ ತಾನು ಏನು ಮಾಡಿದೆನೆಂದು ಹೇಳಿದಳು. ಅದು ಹೇಗೆ ಉರಿಯುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. "ಮಾಡ್ರಿ ಅಂತ ನಾ ಹೇಳೂದಿಲ್ಲ. ಭಾಳ ನೋವಾಗತೈತಿ. ಹಿಂಗ ಒಂದು ದಾರಿ ಐತಿ ಅಂತ ಗೊತ್ತಿರ್ಲಿ" ಎಂದಳು.

ಶುಕ್ರವಾರ ಭೂಮಿಕಾ ತನ್ನ ಜಾಗದಲ್ಲಿ ಕುಳಿತಿದ್ದಾಗ ನವಲಗುಂದದ ಕಡೆ ಒಂದು ಚುಕ್ಕೆ ಕೆಂಪಾಯಿತು. ಚಹಾ ಕುಡಿಯುತ್ತಿದ್ದವರು ಯಂತ್ರದ ದೋಷವೆಂದರು. ಅಷ್ಟರಲ್ಲಿ ಕುಂದಗೋಳದಲ್ಲೊಂದು, ಹಳೇ ಹುಬ್ಬಳ್ಳಿಯಲ್ಲಿ ಎರಡು. ಊಟದ ಹೊತ್ತಿಗೆ ಗೋಡೆಯ ಎಲ್ಲ ಮೂಲೆಗಳಲ್ಲೂ ಕೆಂಪು ಕಾಣಿಸಿತು. ಸಾಯುತ್ತಿರುವ ಜನ ತಮ್ಮ ಹಾಸಿಗೆಗಳಲ್ಲಿ ಮಲಗಿ, ತಮ್ಮ ದನಿಯಲ್ಲೇ ನೋವನ್ನು ಕರೆಯುತ್ತಿದ್ದರು. ಯಾರಾದರೂ ಬಂದು ತಮ್ಮನ್ನು ಮಗ್ಗುಲು ಬದಲಿಸಲಿ ಎಂದು.

ಇದ್ದ ತುರ್ತು ವಾಹನಗಳು ಬೆರಳೆಣಿಕೆಯಷ್ಟು. ಒಂದು ತಾಸಿನ ನಿಯಮ ಮಧ್ಯಾಹ್ನಕ್ಕೇ ಮುರಿದುಬಿತ್ತು. ಇನಾಮದಾರರು ಕೊಠಡಿಗೆ ಬಂದು ಗೋಡೆ ನೋಡಿ ನಿಂತರು.

"ಎಲ್ಲಾರ ಮಟ್ಟಾ ಇಲ್ಲಿಂದ ಏರಿಸ್ರಿ."

"ಅವರ ದನಿ ಇಲ್ಲದ ಏರಸಾಕ ಬರೂದಿಲ್ರಿ ಸರ್."

"ತುರ್ತು ಅಧಿಕಾರ ನಿಮ್ಮ ಮೇಜಿಗೆ ಅದ. ಅಷ್ಟು ಮಂದಿ ಒದ್ದಾಡ್ಲಿಕ್ಕತ್ತಾರ, ನೀವು ಕಾನೂನು ಹೇಳ್ತೀರಿ. ಕರುಣಾ ಇಲ್ಲೇನು ನಿಮಗ?"

ಭೂಮಿಕಾ ಮೇಜಿನಿಂದ ಕೈ ತೆಗೆದಳು. "ನಿಮ್ಮ ಕರುಣಾಕ್ಕ ಅವರ ಬೆನ್ನು ತೂತಾಗೇತ್ರಿ ಸರ್. ನೋವಾಗೇತಿ ಅಂತ ಅವರು ಹೇಳಾಕತ್ತಾರ. ನೀವು ಬಾಯಿ ಮುಚ್ಚಸಾಕ ಹೇಳ್ತೀರಿ. ನಾ ಮಾಡೂದಿಲ್ಲ. ನೀವ ಕುಂತು ಮಾಡ್ರಿ."

ಆ ಕುರ್ಚಿಯಲ್ಲಿ ಕುಳಿತು ಆ ಕೆಲಸ ಮಾಡಲು ಇನಾಮದಾರರಿಗೂ ಆಗಲಿಲ್ಲ. ಅವರು ಹೊರಗೆ ಹೋಗಿ ಯಾರಿಗೋ ಫೋನು ಮಾಡತೊಡಗಿದರು. ಭೂಮಿಕಾ ಕೆಂಪು ಚುಕ್ಕೆಗಳಿಗೆ ಒಂದೊಂದಾಗಿ ಫೋನು ಮಾಡಿದಳು. ಕೆಲವರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಮಕ್ತುಮ್‌ಸಾಬರು ಬೆಳಗಿನಿಂದ ಕಾಯುತ್ತಿದ್ದರು.

"ಮಾಸ್ತರ, ಏರಸ್ಕೋರಿ. ಗಾಡಿ ಬರೂದು ಸಂಜಿ ಆಗತೈತಿ. ನಿಮ್ಮ ಕಾಲಿಗೆ ಬೀಳ್ತೀನಿ, ಏರಸ್ಕೋರಿ."

ಆ ಕಡೆಯಿಂದ ಬರೀ ಉಸಿರು. ಆಮೇಲೆ ಒಂದೊಂದೇ ಮಾತು. "ಏರಿಸಿದ್ರ... ನಿಮ್ಮ ಗ್ವಾಡಿ ಮ್ಯಾಲೆ ನಾ ಮತ್ತ ಹಸರ ಆಗ್ತೀನಿ. ಹಸರಾದವರ ಮನಿಗೆ ಯಾರು ಬರ್ತಾರ ತಂಗಿ? ಅವರು ಬಂದ ಮ್ಯಾಲೆ ಏರಸ್ತೀನಿ."

ಭೂಮಿಕಾ ಫೋನಿಟ್ಟಳು. ಎದ್ದು, ಬಾಗಿಲಲ್ಲಿ ನಿಂತಿದ್ದ ಕಾವಲುಗಾರನ ಹತ್ತಿರ ಬೈಕಿನ ಕೀಲಿ ಕೇಳಿ ಇಸಿದುಕೊಂಡಳು. ಸಂಗಮೇಶನಿಗೆ ಫೋನು ಮಾಡಿ, ಓಣಿಯಲ್ಲಿ ಕೈಲಾದವರನ್ನೆಲ್ಲ ಕರೆದುಕೊಂಡು ಹಳೇ ಹುಬ್ಬಳ್ಳಿಯ ಆ ಎರಡು ಮನೆಗಳಿಗೆ ಹೋಗಲು ಹೇಳಿದಳು. ಹೊರಳಿಸುವುದು ಆತನಿಗೆ ಈಗ ಗೊತ್ತಿತ್ತು. ತಾನು ನವಲಗುಂದದ ದಾರಿ ಹಿಡಿದಳು. ಮಾಸ್ತರ ಮನೆ ಮುಟ್ಟಿದಾಗ ಅವರ ಹೆಂಡತಿ ಹೊಸ್ತಿಲಲ್ಲಿ ಕುಳಿತು ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಭೂಮಿಕಾ ಒಳಗೆ ಹೋಗಿ, ಮಾಸ್ತರ ಕಿವಿಯ ಬಳಿ, "ನಾ ಬಂದೀನ್ರಿ. ಈಗ ಏರಸ್ರಿ" ಎಂದಳು. ಅವರ ಹಿಮ್ಮಡಿಗಳನ್ನು ಎತ್ತಿ ದಿಂಬಿನ ಮೇಲಿಟ್ಟಳು. ಎಲುಬು ಕಾಣುತ್ತಿತ್ತು.

ಆ ದಿನದ ಸುದ್ದಿ ರಾಜ್ಯಕ್ಕೆಲ್ಲ ಹಬ್ಬಿತು. ಬೇರೆ ಜಿಲ್ಲೆಗಳಲ್ಲೂ ಮನೆಯವರು ರೋಗಿಗಳನ್ನು ಹೊರಳಿಸಿ ನೋಡಿದರು. ಸಂಸ್ಥೆಯವರು ಮೊದಲು ಸೂಚಿಸಿದ ಪರಿಹಾರವೆಂದರೆ, ರೋಗಿಯ ದನಿಗೆ ಸಾಧನ ತಗ್ಗದಂತೆ ಮಾಡುವುದು. ರೋಗಿಗಳ ಸುರಕ್ಷತೆಗಾಗಿ ಎಂದರು. ಜನ ಕೇಂದ್ರದ ಮುಂದೆ ಸೇರಿ ಗೇಟು ಅಲುಗಾಡಿಸಿದ ಮೇಲೆ ಆ ಮಾತು ಹಿಂದಕ್ಕೆ ಹೋಯಿತು. ನರ್ಸುಗಳ ಭೇಟಿ ಸದ್ಯಕ್ಕೆ ಶುರುವಾಯಿತು. ತಡೆದ ಸಂಕೇತಗಳನ್ನು ಗೋಡೆಯ ಮೇಲೆ ತೋರಿಸಬೇಕೇ ಎಂದು ತೀರ್ಮಾನಿಸಲು ಒಂದು ಸಮಿತಿಯಾಯಿತು. ಭೂಮಿಕಾಳನ್ನು ಕೆಲಸದಿಂದ ಅಮಾನತು ಮಾಡಿದರು.

ಮಹಾನಂದಾ ಇನ್ನೂ ಕೆಲವು ವಾರ ಬದುಕಿದ್ದಳು. ಗಾಯ ವಾಸಿಯಾಗಲಿಲ್ಲ, ವಾಸನೆ ಹೋಯಿತು. ನರ್ಸ್ ಭೇಟಿ ಮತ್ತೆ ಶುರುವಾಗುವವರೆಗೆ ಪಟ್ಟಿ ಬದಲಿಸಬೇಕಾದಾಗಲೆಲ್ಲ ಆಕೆ ನೋವನ್ನು ಕರೆದಳು, ಪ್ರತಿ ಸಲವೂ ಸೊಸೆಯ ಕೈ ಹಿಡಿದು. ಆಮೇಲೆ ಕರೆಯಬೇಕಾಗಲಿಲ್ಲ. ಒಂದು ಬೆಳಗ್ಗೆ ಮಗನೂ ಸೊಸೆಯೂ ಆಕೆಯನ್ನು ಬಲ ಮಗ್ಗುಲಿಗೆ ಹೊರಳಿಸುತ್ತಿದ್ದಾಗ, ಅವರ ಕೈಗಳ ನಡುವೆಯೇ ಉಸಿರು ನಿಂತಿತು.

ಸಮಿತಿ ಭೂಮಿಕಾಳನ್ನು ವಿಚಾರಣೆಗೆ ಕರೆಯಿತು. ದೊಡ್ಡ ಮೇಜು, ನೀರಿನ ಬಾಟಲಿಗಳು, ಒಂದು ತುದಿಯಲ್ಲಿ ಇನಾಮದಾರರು ತಲೆ ತಗ್ಗಿಸಿ ಕುಳಿತಿದ್ದರು. ಸಂಸ್ಥೆಯ ಪರವಾಗಿ ಬೆಂಗಳೂರಿನಿಂದ ಬಂದ ಅಧಿಕಾರಿಣಿಯೊಬ್ಬರು ಸೌಜನ್ಯದಿಂದ ಮಾತಾಡಿದರು.

"ನಿಮ್ಮ ದುಃಖ ನಮಗೆ ಅರ್ಥವಾಗುತ್ತೆ ಮೇಡಂ. ನಮ್ಮ ಮಾಹಿತಿ ಪ್ರಕಾರ ಕೊನೆಯ ತಿಂಗಳುಗಳಲ್ಲಿ ನಿಮ್ಮ ಅತ್ತೆಯವರಿಗೆ ನೋವಿದ್ದದ್ದು ತೀರಾ ಕಡಿಮೆ ಹೊತ್ತು. ನೂರಕ್ಕೆ ಒಂದು ಪಾಲೂ ಇಲ್ಲ. ಅದೂ ಅವರೇ ತಂದುಕೊಂಡದ್ದು. ಹಾಗಾಗಿ ಇದನ್ನ ನೋವಿಲ್ಲದ ಸಾವು ಅಂತಲೇ ದಾಖಲಿಸಬಹುದು ಅಲ್ವಾ? ನೀವು ಒಪ್ಪಿದರೆ ನಿಮ್ಮ ಅಮಾನತಿನ ವಿಷಯಾನೂ ಇಲ್ಲೇ ಮುಗಿಸಬಹುದು."

ಭೂಮಿಕಾ ತನ್ನ ಅಂಗೈ ನೋಡಿಕೊಂಡಳು. ಅಲ್ಲಿ ಅತ್ತೆಯ ಉಗುರಿನ ಗುರುತುಗಳು ಮಾಯುತ್ತಿದ್ದವು.

"ಇಲ್ರಿ" ಎಂದಳು. "ನೋವಾಗಿತ್ತು ಅಂತ ಬರ್ಕೋರಿ. ಬೆನ್ನು ಕೊಳತಿತ್ತು, ಅದನ್ನ ನೋಡಾಕ ಒಬ್ಬರನ್ನ ಕರಸ್ಬೇಕಂದ್ರ ಸಾಯೂ ಹೆಣ್ಣಮಗಳು ಒದರಬೇಕಾಗಿತ್ತು, ಒದರಿದ್ಲು ಅಂತ ಬರ್ಕೋರಿ. ನಿಮ್ಮ ಗ್ವಾಡಿ ಮ್ಯಾಲೆ ಆಕಿ ಹಸರ ಇದ್ದಾಗೂ ನೋವಾಗಿತ್ತು. ಅದನ್ನೂ ಬರ್ಕೋರಿ."

ಅಧಿಕಾರಿಣಿ ಸಮಿತಿಯ ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಲಿಪಿಕಾರನ ಮುಖ ನೋಡಿದರು. ಅವನು ಬೆರಳುಗಳನ್ನು ಕೀಲಿಮಣೆಯ ಮೇಲಿಟ್ಟುಕೊಂಡು ಅಪ್ಪಣೆಗಾಗಿ ಕಾಯುತ್ತಿದ್ದ.

ಇನಾಮದಾರರು ತಲೆ ಎತ್ತಲಿಲ್ಲ. "ಬರ್ಕೋರಿ" ಎಂದರು.